ಫ್ಯಾನ್ ತಿರುಗಿತು ಅಂದ ಮಾತ್ರಕ್ಕೆ ಎಸ್‌ಎಂಪಿಎಸ್ ಸರಿ ಇದೆ ಎಂದಲ್ಲ

ಸಂಪಾದಕರಿಗೆ,

ಕಂಪ್ಯೂಟರ್ ಆನ್ ಆಗದಿದ್ದಾಗ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟಿಗೆ ಇಳಿಸಿ ಕೊಡುವ ಡಬ್ಬಿ) ಕೆಟ್ಟಿದೆಯೇ ಎಂದು ಮನೆಯಲ್ಲೇ ನೋಡುವ ಉಪಾಯವೊಂದು ಮೊಬೈಲ್‌ನಿಂದ ಮೊಬೈಲ್‌ಗೆ ಓಡಾಡುತ್ತಲೇ ಇರುತ್ತದೆ. ದೊಡ್ಡ ಕನೆಕ್ಟರಿನ ಹಸಿರು ವೈರಿಗೂ ಪಕ್ಕದ ಕಪ್ಪು ವೈರಿಗೂ ಪೇಪರ್ ಕ್ಲಿಪ್ ಸಿಕ್ಕಿಸಿ. ಫ್ಯಾನ್ ತಿರುಗಿದರೆ ಎಸ್‌ಎಂಪಿಎಸ್ ಸರಿ, ತಿರುಗದಿದ್ದರೆ ಡಬ್ಬಿ ಬಿಚ್ಚಿ ಫ್ಯೂಸ್ ನೋಡಿ. ಪಾಠ ಇಷ್ಟೇ. ಮೊದಲ ಮಾತು ಅರೆಸತ್ಯ. ಎರಡನೆಯ ಮಾತು ಜೀವಕ್ಕೆ ಎರವಾಗುವಂಥದ್ದು. ಡಬ್ಬಿಯ ಒಂದು ಸ್ಕ್ರೂ ಕೂಡ ಬಿಚ್ಚದೆ, ಒಂದು ಮಲ್ಟಿಮೀಟರ್, ಆಟೊ ಸ್ಪೇರ್ಸ್ ಅಂಗಡಿಯ ಎರಡು ಬಲ್ಬ್, ಒಂದೆರಡು ರೆಸಿಸ್ಟರ್ ಇಟ್ಟುಕೊಂಡು ಮುಕ್ಕಾಲುಪಾಲು ದೋಷ ಹಿಡಿಯಬಹುದು. ಅದು ಹೇಗೆ ಎಂದು ಬರೆಯುತ್ತಿದ್ದೇನೆ.

ಡಬ್ಬಿ ಯಾಕೆ ಬಿಚ್ಚಬಾರದು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಗೋಡೆಯಿಂದ ಬರುವ 230 ವೋಲ್ಟ್ ಎಸಿ ಒಳಗೆ ಹೋದ ಕೂಡಲೇ ಬ್ರಿಜ್ ಡಯೋಡ್ ದಾಟಿ ಸುಮಾರು 325 ವೋಲ್ಟ್ ಡಿಸಿ ಆಗುತ್ತದೆ. ಅದು ಹೆಬ್ಬೆರಳಿಗಿಂತ ದಪ್ಪನೆಯ ಕೆಪಾಸಿಟರ್‌ನಲ್ಲಿ ತುಂಬಿಕೊಳ್ಳುತ್ತದೆ. ಹಳೆಯ ಮಾದರಿಯಲ್ಲಿ 200 ವೋಲ್ಟಿನವು ಎರಡು ಸಾಲಾಗಿ ಇರುತ್ತವೆ. ಆಕ್ಟಿವ್ ಪಿಎಫ್‌ಸಿ (ಗೋಡೆಯಿಂದ ಕರೆಂಟನ್ನು ಹದವಾಗಿ ಎಳೆಯುವ ಸರ್ಕ್ಯೂಟ್) ಇರುವ ಈಗಿನ ಮಾದರಿಗಳಲ್ಲಿ 400ರಿಂದ 450 ವೋಲ್ಟಿನ ಒಂದೇ ದೊಡ್ಡದಿರುತ್ತದೆ, ಅದರೊಳಗೆ 380 ವೋಲ್ಟಿನ ಆಸುಪಾಸು. ಚೆನ್ನಾಗಿರುವ ಎಸ್‌ಎಂಪಿಎಸ್‌ನ ವೈರ್ ಕಿತ್ತರೆ ಒಳಗಿನ ಸರ್ಕ್ಯೂಟೇ ಆ ಚಾರ್ಜಿನ ಬಹುಪಾಲನ್ನು ಬೇಗನೆ ಕುಡಿದುಬಿಡುತ್ತದೆ. ಕೆಟ್ಟದ್ದರಲ್ಲಿ ಕುಡಿಯುವವರೇ ಇಲ್ಲ. ಚಾರ್ಜ್ ಇಳಿಸಲೆಂದು ಇಟ್ಟ ಬ್ಲೀಡರ್ ರೆಸಿಸ್ಟರ್ ಇದ್ದರೆ, ಅದು ಸುಟ್ಟಿರದಿದ್ದರೆ ಸರಿ. ಇಲ್ಲದಿದ್ದರೆ ಆ 300 ಚಿಲ್ಲರೆ ವೋಲ್ಟ್ ತುಂಬ ಹೊತ್ತು ಹಾಗೆಯೇ ಕೂತಿರುತ್ತದೆ. ಅಂದರೆ ಸತ್ತ ಎಸ್‌ಎಂಪಿಎಸ್ ಬದುಕಿರುವುದಕ್ಕಿಂತ ಹೆಚ್ಚು ಅಪಾಯದ್ದು. ನಮ್ಮವರು ಬಿಚ್ಚುವುದು ಸತ್ತದ್ದನ್ನೇ! ಒಳಗಿನ, ಬಿಸಿ ಹೀರುವ ಅಲ್ಯೂಮಿನಿಯಂ ಹೀಟ್‌ಸಿಂಕ್ ನೋಡಲು ಪಾಪದ್ದು. ಎಷ್ಟೋ ಮಾದರಿಗಳಲ್ಲಿ ಮೇನ್ಸ್ (ಗೋಡೆಯ ಕರೆಂಟಿನ) ಕಡೆಯ ಹೀಟ್‌ಸಿಂಕ್‌ಗೆ ಅರ್ತ್ ಇರುವುದಿಲ್ಲ, ನೇರ ಮೇನ್ಸ್ ಸರ್ಕ್ಯೂಟಿಗೆ ಸೇರಿರುತ್ತದೆ. ಮನೆಯಲ್ಲಿ ಶಾಕ್‌ನಿಂದ ಕಾಯುವ ಆರ್‌ಸಿಸಿಬಿ ಸ್ವಿಚ್ ಇದೆ ಎಂಬ ಧೈರ್ಯವೂ ಇಲ್ಲಿ ನಡೆಯದು. ಕರೆಂಟು ಅರ್ತ್ ಕಡೆಗೆ ಸೋರಿದರೆ ಮಾತ್ರ ಅದು ಬೀಳುತ್ತದೆ. ಎರಡು ಕೈ ಕೆಪಾಸಿಟರಿನ ಎರಡು ಕಾಲಿಗೆ ತಾಗಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ.

ಇನ್ನು ಪರೀಕ್ಷೆ. ಎಸ್‌ಎಂಪಿಎಸ್ ಮೇಲೆ ಅಪವಾದ ಹೊರಿಸುವ ಮೊದಲು ಗೋಡೆಯ ಸಾಕೆಟ್ಟಿಗೆ ಒಂದು ಟೇಬಲ್ ಲ್ಯಾಂಪ್ ಹಾಕಿ ನೋಡಬೇಕು. ಪವರ್ ಕಾರ್ಡ್ ಬದಲಿಸಿ ನೋಡಬೇಕು. ಯುಪಿಎಸ್ ತಪ್ಪಿಸಿ ನೇರ ಗೋಡೆಗೆ ಸಿಕ್ಕಿಸಿ ನೋಡಬೇಕು. ಕರೆಂಟು ಹೋದ ಕೂಡಲೇ, ಯುಪಿಎಸ್ ಇದ್ದೂ ಕಂಪ್ಯೂಟರ್ ಆಫ್ ಆಗುತ್ತಿದ್ದರೆ ಅದು ಎಷ್ಟೋ ಸಲ ಎಸ್‌ಎಂಪಿಎಸ್ ದೋಷವಲ್ಲ. ಅಗ್ಗದ ಯುಪಿಎಸ್ ಬ್ಯಾಟರಿಯಲ್ಲಿ ಕೊಡುವುದು ಚೌಕಾಕಾರದ ಅಲೆ. ಆಕ್ಟಿವ್ ಪಿಎಫ್‌ಸಿಯ ಕೆಲವು ಎಸ್‌ಎಂಪಿಎಸ್‌ಗಳಿಗೆ ಅದು ಒಗ್ಗುವುದಿಲ್ಲ. ಕ್ಯಾಬಿನೆಟ್ಟಿನ ಮುಂದಿನ ಪವರ್ ಬಟನ್ ಕೂಡ ಕೈಕೊಡುತ್ತದೆ. ಮದರ್‌ಬೋರ್ಡಿನಲ್ಲಿ ಅದರ ಎರಡು ಪಿನ್ ಕಳಚಿ, ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿದರೆ ತಿಳಿಯುತ್ತದೆ. ಅಲ್ಲಿರುವುದು ಬರೀ 5 ವೋಲ್ಟಿನೊಳಗಿನ ಮಾತು, ಹೆದರಬೇಕಿಲ್ಲ.

ಇಷ್ಟಾದ ಮೇಲೂ ಜೀವ ಇಲ್ಲದಿದ್ದರೆ ಕಾರ್ಡ್ ಕಿತ್ತು, ಪವರ್ ಬಟನ್ನನ್ನು ಒಂದೆರಡು ಸಲ ಒತ್ತಿ, ಮದರ್‌ಬೋರ್ಡ್, ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಹಾರ್ಡ್ ಡಿಸ್ಕ್ ಎಲ್ಲದರಿಂದಲೂ ಎಸ್‌ಎಂಪಿಎಸ್‌ನ ಕನೆಕ್ಟರ್ ಬಿಡಿಸಿ. ಎಲ್ಲದರಿಂದಲೂ ಎಂದರೆ ಎಲ್ಲದರಿಂದಲೂ. ಕೆಟ್ಟಿರಬಹುದಾದ ಎಸ್‌ಎಂಪಿಎಸ್ಸನ್ನು ಒಳ್ಳೆಯ ಮದರ್‌ಬೋರ್ಡಿಗೆ ಹಾಕಿ ನೋಡೋಣ ಎನ್ನುವುದು ಹಾಲು ಕೆಟ್ಟಿದೆಯೇ ಎಂದು ನೋಡಲು ಪಾತ್ರೆ ತುಂಬ ಒಳ್ಳೆಯ ಹಾಲಿಗೆ ಸುರಿದ ಹಾಗೆ. ಒಣಗಿದ ಮರದ ಮೇಜು, ಕಾಲಿಗೆ ಒಣ ಚಪ್ಪಲಿ, ಕೈಯಲ್ಲಿ ಉಂಗುರ, ಕಡಗ ಬೇಡ. ಮೇನ್ ಸ್ವಿಚ್ ಎಲ್ಲಿದೆ ಎಂದು ಗೊತ್ತಿರುವ ಇನ್ನೊಬ್ಬರು ಮನೆಯಲ್ಲಿರಲಿ.

ಮೀಟರಿನ ಬಗ್ಗೆ ಒಂದು ಮಾತು. ಎಲ್ಲೆಡೆ ಸಿಗುವ ಹಳದಿ ಬಣ್ಣದ ಅಗ್ಗದ ಮೀಟರ್ ಎಸ್‌ಎಂಪಿಎಸ್‌ನ 12 ವೋಲ್ಟ್ ಕಡೆಗೆ ಧಾರಾಳವಾಗಿ ಸಾಕು, ಗೋಡೆಯ 230ಕ್ಕೆ ಬೇಡ. ಅದರ 10 ಆಂಪಿನ ತೂತಿಗೆ ಸಾಮಾನ್ಯವಾಗಿ ಫ್ಯೂಸೇ ಇರುವುದಿಲ್ಲ. ಕೆಂಪು ಪ್ರೋಬ್ ಮರೆತು ಆ ತೂತಿನಲ್ಲೇ ಉಳಿದಿದ್ದು ವೋಲ್ಟೇಜ್ ನೋಡಲು ಹೋದರೆ ಪ್ರೋಬೇ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಕಪ್ಪು ಪ್ರೋಬ್ ಕಾಮನ್ ತೂತಿಗೆ, ಕೆಂಪು ವೋಲ್ಟ್–ಓಮ್ ತೂತಿಗೆ. ಪ್ರತಿ ಸಲ ಒಮ್ಮೆ ಕಣ್ಣಾಡಿಸಿ ಮುಂದುವರಿಯಬೇಕು.

ಮೊದಲ ಅಳತೆ ಕರೆಂಟಿಲ್ಲದೆಯೇ. ಪವರ್ ಕಾರ್ಡನ್ನು ಎಸ್‌ಎಂಪಿಎಸ್‌ಗೆ ಸಿಕ್ಕಿಸಿ, ಅದರ ಇನ್ನೊಂದು ತುದಿಯ ಮೂರು ಪಿನ್ನಿನ ಪ್ಲಗ್ ಮೇಜಿನ ಮೇಲಿರಲಿ. ಹಿಂದಿನ ಸ್ವಿಚ್ ಆನ್ ಇರಲಿ. ಈಗಷ್ಟೇ ಗೋಡೆಯಿಂದ ಕಿತ್ತಿದ್ದರೆ ಒಂದೆರಡು ನಿಮಿಷ ಕಾಯಿರಿ, ಪ್ಲಗ್‌ನ ಪಿನ್ನಲ್ಲೂ ಸ್ವಲ್ಪ ಹೊತ್ತು ಚಾರ್ಜ್ ಉಳಿದಿರಬಹುದು. ಪ್ಲಗ್‌ನ ದಪ್ಪ ಅರ್ತ್ ಪಿನ್ನಿಗೂ ಡಬ್ಬಿಯ ಬಣ್ಣವಿಲ್ಲದ ಲೋಹಕ್ಕೂ ನಡುವೆ ಓಮ್ ನೋಡಿ: 1 ಓಮ್‌ಗಿಂತ ಕಡಿಮೆ ಇರಬೇಕು. ಇಲ್ಲದಿದ್ದರೆ ಕಾರ್ಡ್ ಎಸೆಯಿರಿ, ಬೇರೆಯದರಲ್ಲಿ ಮತ್ತೆ ನೋಡಿ. ಅರ್ತ್ ಪಿನ್ನಿಗೂ ಉಳಿದ ಎರಡು ಪಿನ್ನಿಗೂ ಮೀಟರಿನ ದೊಡ್ಡ ರೇಂಜಿನಲ್ಲೂ ಏನೂ ತೋರಿಸಬಾರದು. ಆ ಎರಡು ಪಿನ್ನುಗಳ ನಡುವೆ ನೂರಾರು ಕಿಲೋ ಓಮ್ ಅಥವಾ ಅದಕ್ಕಿಂತ ಹೆಚ್ಚು ಬರಬೇಕು. ಸೊನ್ನೆಯ ಹತ್ತಿರ ಬಂದರೆ ಒಳಗೆ ಶಾರ್ಟ್ ಆಗಿದೆ, ಗೋಡೆಗೆ ಸಿಕ್ಕಿಸುವ ಮಾತೇ ಇಲ್ಲ, ಪರೀಕ್ಷೆ ಅಲ್ಲಿಗೆ ಮುಗಿಯಿತು. ಆದರೆ ಹೆಚ್ಚು ಬಂದಿತೆಂದು ನಿಶ್ಚಿಂತರಾಗಬೇಡಿ: ಬ್ರಿಜ್ ಡಯೋಡಿನ ಆಚೆಗಿನ ಶಾರ್ಟ್ ಮೀಟರಿನ ಪುಟ್ಟ ಬ್ಯಾಟರಿಗೆ ಕಾಣದೇ ಹೋಗಬಹುದು. ಹಾಗೆಯೇ ಔಟ್‌ಪುಟ್ ಕಡೆ ಕೆಂಪು–ಕಪ್ಪು, ಹಳದಿ–ಕಪ್ಪು, ಕಿತ್ತಳೆ–ಕಪ್ಪು ನೋಡಿ. ಕೆಲವು ಓಮ್‌ನಿಂದ ನೂರಾರು ಓಮ್ ತನಕ ಏನು ಬಂದರೂ ಸಹಜ. ಎರಡು ಪ್ರೋಬ್ ಒಂದಕ್ಕೊಂದು ಮುಟ್ಟಿಸಿದಷ್ಟೇ ಬಂದರೆ ಆ ಲೈನ್ ಶಾರ್ಟ್.

ಈಗ ಗೋಡೆಗೆ ಹಾಕಿ, ಹಸಿರು ವೈರ್ ಮುಟ್ಟದೆ. ಮೀಟರ್ ಡಿಸಿ 20 ವೋಲ್ಟಿನಲ್ಲಿರಲಿ. 24 ಪಿನ್ನಿನ ಕನೆಕ್ಟರಿನಲ್ಲಿ ಒಂದೇ ಒಂದು ನೇರಳೆ ವೈರ್ ಇದೆ, 9ನೆಯ ಪಿನ್. ಇದು ಸ್ಟ್ಯಾಂಡ್‌ಬೈ: ಕಂಪ್ಯೂಟರ್ ಆಫ್ ಇದ್ದಾಗಲೂ ಮದರ್‌ಬೋರ್ಡನ್ನು ಎಚ್ಚರವಾಗಿ ಇಡುವ ಲೈನ್. ಕಪ್ಪಿಗೂ ಇದಕ್ಕೂ 4.75ರಿಂದ 5.25 ವೋಲ್ಟ್ ಇರಬೇಕು. ಸೊನ್ನೆ ಇದ್ದರೆ ಫ್ಯೂಸ್ ಹಾರಿದೆ ಅಥವಾ ಸ್ಟ್ಯಾಂಡ್‌ಬೈ ಸರ್ಕ್ಯೂಟ್ ಸತ್ತಿದೆ. ಹಸಿರು–ಕಪ್ಪು ಜೋಡಿಸಿ ಪ್ರಯೋಜನವಿಲ್ಲ. ಆದರೆ ಜನ ಮೋಸ ಹೋಗುವುದು ಸೊನ್ನೆಯಲ್ಲಲ್ಲ. ಬರಿಯ ಮೀಟರಿಗೆ 5 ಎಂದು ತೋರಿಸಿ, ಕೆಲಸಕ್ಕೆ ಬಂದಾಗ 4.2ಕ್ಕೆ ಕುಸಿಯುವ ಸ್ಟ್ಯಾಂಡ್‌ಬೈಗಳೇ ಹೆಚ್ಚು. ನೇರಳೆ ಮತ್ತು ಕಪ್ಪಿನ ನಡುವೆ 4.7 ಓಮ್, 10 ವ್ಯಾಟಿನ ಬಿಳಿ ಸಿಮೆಂಟ್ ರೆಸಿಸ್ಟರ್ ಹಾಕಿ ಅಳೆಯಿರಿ. ಒಂದು ಆಂಪಿನಷ್ಟು ಎಳೆಯುತ್ತದೆ, ರೆಸಿಸ್ಟರ್ ಕೈ ಸುಡುವಷ್ಟು ಕಾಯುತ್ತದೆ, ಮುಟ್ಟಬೇಡಿ. ಆಗಲೂ 4.75ರ ಮೇಲಿದ್ದರೆ ಸ್ಟ್ಯಾಂಡ್‌ಬೈ ಗಟ್ಟಿ. ಬೆಳಗಿನ ಹೊತ್ತು ಐದಾರು ಸಲ ಒತ್ತಿದ ಮೇಲೆ ಆನ್ ಆಗುವ, ಒಮ್ಮೆ ಆನ್ ಆದರೆ ಸಂಜೆ ತನಕ ಸರಿಯಿರುವ ಕಂಪ್ಯೂಟರುಗಳಲ್ಲಿ ತಪ್ಪಿತಸ್ಥ ಬಹುತೇಕ ಇಲ್ಲಿನ ಒಂದೆರಡು ಒಣಗಿದ ಕೆಪಾಸಿಟರ್. ಇನ್ನು ಇದೇ ಲೈನ್ 5.25 ದಾಟಿದ್ದರೆ ಆ ಎಸ್‌ಎಂಪಿಎಸ್ಸನ್ನು ಯಾವ ಬೋರ್ಡಿಗೂ ತಾಗಿಸಬೇಡಿ. ಸ್ಟ್ಯಾಂಡ್‌ಬೈ ಏರಿದರೆ ಮೊದಲು ಸಾಯುವುದು ಮದರ್‌ಬೋರ್ಡು.

ಇದಾದ ಮೇಲೆ ಹಸಿರು ವೈರ್. 16ನೆಯ ಪಿನ್, ಇಡೀ ಕನೆಕ್ಟರಿನಲ್ಲಿ ಒಂದೇ, ಅದರ ಎಡಬಲ ಎರಡೂ ಕಪ್ಪು. ಗೋಡೆಯ ಸ್ವಿಚ್ ಆಫ್ ಮಾಡಿ, ಎರಡೂ ತುದಿ ಒಂದಿಷ್ಟೇ ಸುಲಿದ ಇನ್ಸುಲೇಶನ್ ಇರುವ ಒಂಟಿ ಎಳೆಯ ವೈರಿನಿಂದ ಹಸಿರಿಗೂ ಕಪ್ಪಿಗೂ ಸೇತುವೆ ಹಾಕಿ, ಆಮೇಲೆ ಸ್ವಿಚ್ ಹಾಕಿ. ಪೇಪರ್ ಕ್ಲಿಪ್ಪಿನಲ್ಲಿ ಶಾಕ್ ಹೊಡೆಯುವುದಿಲ್ಲ ನಿಜ. ಆದರೆ ಬರಿ ಲೋಹ ಜಾರಿ ಪಕ್ಕದ ಸಾಲಿನ ಕೆಂಪಿಗೋ ಕಿತ್ತಳೆಗೋ ತಾಗಿದರೆ ಹತ್ತಿಪ್ಪತ್ತು ಆಂಪ್ ಅದರಲ್ಲೇ ಹರಿದು ಕ್ಲಿಪ್ ಕೆಂಪಗೆ ಕಾಯುತ್ತದೆ. ಎಲ್ಲ ವೈರೂ ಕಪ್ಪಾಗಿರುವ ಹೊಸ ಮಾದರಿಗಳಲ್ಲಿ ಎಡದಿಂದ ನಾಲ್ಕನೆಯದೋ ಬಲದಿಂದ ನಾಲ್ಕನೆಯದೋ ಎಂದು ಊಹಿಸುತ್ತಾ ಕೂರಬೇಡಿ; ಕನೆಕ್ಟರನ್ನು ತಿರುಗಿಸಿ ಹಿಡಿದರೆ ಎಡಬಲ ಅದಲುಬದಲು. ಅಂಥದ್ದಕ್ಕೆ ಅಂಗಡಿಯಲ್ಲಿ ಸಿಗುವ ಎಸ್‌ಎಂಪಿಎಸ್ ಟೆಸ್ಟರೇ ವಾಸಿ.

ಇಲ್ಲಿಗೆ ಫ್ಯಾನ್ ಬಂತು. ತಿರುಗುವ ಫ್ಯಾನ್ ಹೇಳುವುದು ಒಂದೇ ಮಾತು: 12 ವೋಲ್ಟ್ ಲೈನಿನಲ್ಲಿ ಏನೋ ಸ್ವಲ್ಪ ಇದೆ. ಆ ಪುಟ್ಟ ಮೋಟಾರಿಗೆ 12 ಬೇಕೆಂದೇನಿಲ್ಲ, ಆರೇಳು ವೋಲ್ಟಿನಲ್ಲೂ ಗಿರಗಿರ ಎನ್ನುತ್ತದೆ. 5 ಮತ್ತು 3.3ರ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ತಿರುಗದ ಫ್ಯಾನ್ ಕೂಡ ಸಾಕ್ಷಿಯಲ್ಲ. ಲೋಡ್, ಅಂದರೆ ಕರೆಂಟ್ ಎಳೆಯುವ ಭಾರ, ಕಡಿಮೆ ಇರುವಾಗ ಫ್ಯಾನನ್ನು ನಿಲ್ಲಿಸಿಯೇ ಇಡುವ ಎಸ್‌ಎಂಪಿಎಸ್‌ಗಳು ಈಗ ಬೇಕಾದಷ್ಟಿವೆ. ಕ್ಲಿಪ್ ಸಿಕ್ಕಿಸಿ ಫ್ಯಾನ್ ತಿರುಗಲಿಲ್ಲವೆಂದು ಚೆನ್ನಾಗಿರುವುದನ್ನೇ ಗುಜರಿಗೆ ಹಾಕಿದವರುಂಟು. ಇನ್ನೊಂದು ಬಗೆ: ಫ್ಯಾನ್ ಒಮ್ಮೆ ಕಾಲು ಸುತ್ತು ಅಲುಗಾಡಿ ನಿಂತುಬಿಡುವುದು. ಎಲ್ಲ ಕನೆಕ್ಟರ್ ಬಿಡಿಸಿದ ಮೇಲೂ ಹೀಗಾದರೆ ಸಾಮಾನ್ಯವಾಗಿ ಎಸ್‌ಎಂಪಿಎಸ್ ಒಳಗೇ ದೋಷ ಇದ್ದು ರಕ್ಷಣಾ ಸರ್ಕ್ಯೂಟ್ ಹಿಡಿದುಕೊಂಡಿದೆ. ಬೋರ್ಡಿಗೆ ಹಾಕಿದಾಗ ಮಾತ್ರ ಹೀಗಾದರೆ ತಪ್ಪು ಬಹುತೇಕ ಬೋರ್ಡಿನದು ಅಥವಾ ಅದಕ್ಕೆ ಸಿಕ್ಕಿಸಿದ ಭಾಗದ್ದು. ಒಮ್ಮೆ ಹಿಡಿದುಕೊಂಡದ್ದು ಹಸಿರು ವೈರಿನ ಸೇತುವೆ ತೆಗೆಯುವ ತನಕ ಅಥವಾ ಕರೆಂಟು ಕಡಿಯುವ ತನಕ ಬಿಡದು. ಆದ್ದರಿಂದ ಮುಂದಿನ ಪರೀಕ್ಷೆಗೆ ಮುಂಚೆ ಗೋಡೆಯ ಸ್ವಿಚ್ ಆರಿಸಿ ಒಂದೆರಡು ನಿಮಿಷ ಬಿಡಬೇಕು.

ಅಳೆಯಬೇಕಾದ ಸಂಖ್ಯೆಗಳು ಇವು. ಹಳದಿಯಲ್ಲಿ 11.40ರಿಂದ 12.60. ಕೆಂಪಿನಲ್ಲಿ 4.75ರಿಂದ 5.25. ಕಿತ್ತಳೆಯಲ್ಲಿ 3.14ರಿಂದ 3.47. ನೀಲಿಯಲ್ಲಿ ಮೈನಸ್ 10.8ರಿಂದ ಮೈನಸ್ 13.2, ಇದು ಈಗ ಹೆಚ್ಚೇನೂ ಕೆಲಸಕ್ಕೆ ಬಾರದ ಲೈನ್, ಅದೊಂದೇ ಹೆಚ್ಚುಕಡಿಮೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಅಳೆಯುವಾಗ 24 ಪಿನ್ನಿನ ಕನೆಕ್ಟರಿನ ಇಕ್ಕಟ್ಟಿನಲ್ಲಿ ಪ್ರೋಬ್ ಆಡಿಸುವ ಬದಲು, ಹಳೆಯ ಹಾರ್ಡ್ ಡಿಸ್ಕಿಗೆ ಹಾಕುತ್ತಿದ್ದ ನಾಲ್ಕು ಪಿನ್ನಿನ ಬಿಳಿ ಕನೆಕ್ಟರ್ ಇದ್ದರೆ ಅದನ್ನು ಹಿಡಿಯಿರಿ: ಒಂದು ಕಡೆ ಹಳದಿ, ನಡುವೆ ಎರಡು ಕಪ್ಪು, ಇನ್ನೊಂದು ಕಡೆ ಕೆಂಪು. ಅದರ ತೂತುಗಳು ಅಗಲ, ಪ್ರೋಬಿನ ಮೊನೆ ಬಿಗಿಯಾಗಿ ಕೂರುತ್ತದೆ, ಕಪ್ಪು ಪ್ರೋಬನ್ನು ಸಿಕ್ಕಿಸಿಯೇ ಬಿಟ್ಟು ಒಂದೇ ಕೈಯಲ್ಲಿ ಅಳೆಯಬಹುದು.

ಆದರೆ ಲೋಡ್ ಇಲ್ಲದೆ ತೆಗೆದ ಈ ಸಂಖ್ಯೆಗಳಿಗೆ ಅರ್ಧ ಬೆಲೆ. ಹಳೆಯ ಅಗ್ಗದ ಮಾದರಿಗಳಲ್ಲಿ 5 ಮತ್ತು 12 ಒಂದೇ ಹಗ್ಗಕ್ಕೆ ಕಟ್ಟಿದ ಎರಡು ಎತ್ತಿನ ಹಾಗೆ, ಒಂದರ ಮೇಲೆ ಭಾರ ಬಿದ್ದರೆ ಇನ್ನೊಂದು ಏರುತ್ತದೆ. ಲೋಡೇ ಇಲ್ಲದಿದ್ದರೆ ಸರಿ ಇರುವುದೂ ತಪ್ಪು ತೋರಿಸೀತು. ಲೋಡಿಗೆ ದುಬಾರಿ ಸಾಮಾನು ಬೇಡ. ಸ್ಕೂಟರ್, ಬೈಕುಗಳ ಹಿಂದಿನ ದೀಪಕ್ಕೆ ಹಾಕುವ 12 ವೋಲ್ಟ್ 21/5 ವ್ಯಾಟಿನ ಎರಡು ಬಲ್ಬ್ ತನ್ನಿ. ಅದರ 21 ವ್ಯಾಟಿನ ತಂತಿಗೆ ಹಳದಿ ಮತ್ತು ಕಪ್ಪು ಕೊಟ್ಟರೆ ಒಂದೊಂದೂ ಒಂದೂಮುಕ್ಕಾಲು ಆಂಪಿನಷ್ಟು ಎಳೆಯುತ್ತದೆ. ಕೆಂಪು–ಕಪ್ಪಿಗೆ ಮೇಲೆ ಹೇಳಿದ 4.7 ಓಮಿನ ಸಿಮೆಂಟ್ ರೆಸಿಸ್ಟರ್. ಕಾರಿನ ಹೆಡ್‌ಲೈಟ್ ಬಲ್ಬ್ ಹಾಕುವ ಆಸೆ ಬೇಡ: ತಣ್ಣಗಿರುವ ತಂತಿ ಮೊದಲ ಕ್ಷಣ ತನ್ನ ಹತ್ತುಪಟ್ಟು ಕರೆಂಟ್ ಎಳೆಯುತ್ತದೆ, ಎಸ್‌ಎಂಪಿಎಸ್ ಅದನ್ನು ಶಾರ್ಟ್ ಎಂದೇ ತಿಳಿದು ಆಫ್ ಆಗುತ್ತದೆ, ಪಾಪ ಅದರ ತಪ್ಪಿಲ್ಲದೆ ನಿಮ್ಮಿಂದ ಬೈಸಿಕೊಳ್ಳುತ್ತದೆ. ಲೋಡನ್ನು ಯಾವಾಗಲೂ ಸ್ವಿಚ್ ಆರಿಸಿಯೇ ಜೋಡಿಸಬೇಕು. ಮೊದಲು ಒಂದು ಬಲ್ಬ್, ಆಮೇಲೆ ಎರಡು.

ಹೀಗೆ ಹದಿನೈದು ನಿಮಿಷ ಉರಿಸಿ. ಬಲ್ಬ್ ಹಾಕಿದ ಕನೆಕ್ಟರಿನಲ್ಲೂ ಖಾಲಿ ಇರುವ ಇನ್ನೊಂದರಲ್ಲೂ ಅಳೆಯಿರಿ. ಖಾಲಿಯಲ್ಲಿ 12.0 ಇದ್ದು ಬಲ್ಬಿನದರಲ್ಲಿ 11.5 ಇದ್ದರೆ ಎಸ್‌ಎಂಪಿಎಸ್ ಒಳಗೆ ದೋಷವಿಲ್ಲ, ಆ ಕನೆಕ್ಟರಿನ ಪಿನ್ ಸಡಿಲವಾಗಿದೆ ಅಥವಾ ಸುಟ್ಟಿದೆ. ಮೂತಿಯ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿರುವುದು ಕಂಡೇ ಕಾಣುತ್ತದೆ. ಎರಡರಲ್ಲೂ ಮೊದಲ ನಿಮಿಷ 12.0 ಇದ್ದು ಹತ್ತನೆಯ ನಿಮಿಷಕ್ಕೆ 11.3ಕ್ಕೆ ಇಳಿದರೆ ಒಳಗಿನದು ಬಿಸಿಯಾದ ಹಾಗೆ ಸೋಲುತ್ತಿದೆ. ಒಂದು ಗಂಟೆ ಚೆನ್ನಾಗಿದ್ದು ಆಮೇಲೆ ತಾನೇ ರೀಸ್ಟಾರ್ಟ್ ಆಗುವ ಕಂಪ್ಯೂಟರಿನ ಗುಟ್ಟು ಎಷ್ಟೋ ಸಲ ಇದೇ. ಇದು 50 ವ್ಯಾಟಿನೊಳಗಿನ ಪರೀಕ್ಷೆ ಎಂಬುದೂ ನೆನಪಿರಲಿ. ದೊಡ್ಡ ಗ್ರಾಫಿಕ್ಸ್ ಕಾರ್ಡಿನ ಕಂಪ್ಯೂಟರ್ ಗೇಮ್ ಆಡುವಾಗ ಮಾತ್ರ ಬೀಳುತ್ತಿದ್ದರೆ ಈ ಬಲ್ಬುಗಳು ಅದನ್ನು ತೋರಿಸಲಾರವು. ಅಷ್ಟೇ ಶಕ್ತಿಯ, ಸರಿ ಇದೆ ಎಂದು ಗೊತ್ತಿರುವ ಇನ್ನೊಂದು ಎಸ್‌ಎಂಪಿಎಸ್ ಹಾಕಿ ನೋಡುವುದೊಂದೇ ದಾರಿ.

ಕಡೆಗಣಿಸುವ ವೈರ್ ಒಂದಿದೆ: ಬೂದು, 8ನೆಯ ಪಿನ್. ಎಲ್ಲ ವೋಲ್ಟೇಜೂ ನೆಲೆ ನಿಂತ ಮೇಲೆ 100ರಿಂದ 500 ಮಿಲಿಸೆಕೆಂಡಿನೊಳಗೆ ಎಸ್‌ಎಂಪಿಎಸ್ ಇದರ ಮೇಲೆ ಸುಮಾರು 5 ವೋಲ್ಟ್ ಕೊಟ್ಟು, ಇನ್ನು ಹೊರಡು ಎಂದು ಬೋರ್ಡಿಗೆ ಸನ್ನೆ ಮಾಡುತ್ತದೆ. ಸನ್ನೆ ಬಾರದಿದ್ದರೆ ಬೋರ್ಡ್ ರೀಸೆಟ್‌ನಲ್ಲೇ ನಿಂತಿರುತ್ತದೆ. ಎಲ್ಲ ಫ್ಯಾನೂ ತಿರುಗುತ್ತಿವೆ, ದೀಪವೂ ಉರಿಯುತ್ತಿದೆ, ಪರದೆ ಮಾತ್ರ ಕಪ್ಪು ಎಂಬ ದೂರಿನಲ್ಲಿ ರ‍್ಯಾಮ್ ಉಜ್ಜಿ ಉಜ್ಜಿ ಸೋತವರು ಈ ಬೂದು ವೈರನ್ನು ಒಮ್ಮೆ ಅಳೆಯಬೇಕು. ಮೀಟರ್ ವೋಲ್ಟೇಜ್ ಹೇಳುತ್ತದೆ, ಸಮಯ ಹೇಳದು. ಸಮಯಕ್ಕೆ ಪಿಜಿ (ಪವರ್ ಗುಡ್, ಅಂದರೆ ಈ ಬೂದು ವೈರಿನ ಸನ್ನೆ) ಎಂದು ತೋರಿಸುವ ಡಿಸ್‌ಪ್ಲೇ ಇರುವ ಟೆಸ್ಟರ್ ಬೇಕು. ಟೆಸ್ಟರ್ ಹಾಕುವ ಲೋಡ್ ಬಹಳ ಕಡಿಮೆ, ಆದ್ದರಿಂದ ಅದರ ಹಸಿರು ದೀಪಗಳನ್ನೇ ನಂಬಿ ಬಲ್ಬ್ ಪರೀಕ್ಷೆ ಬಿಡಬೇಡಿ.

ಮೀಟರಿಗೆ ಕಾಣದ ಇನ್ನೊಂದು ಕಾಯಿಲೆ ರಿಪಲ್, ಅಂದರೆ ಡಿಸಿಯ ಮೇಲೆ ಸವಾರಿ ಮಾಡುವ ಸಣ್ಣ ಅಲೆ. 12ರ ಲೈನಿನಲ್ಲಿ ಅದು ತುದಿಯಿಂದ ತುದಿಗೆ 120 ಮಿಲಿವೋಲ್ಟ್, 5 ಮತ್ತು 3.3ರಲ್ಲಿ 50 ಮಿಲಿವೋಲ್ಟ್ ಮೀರಬಾರದು. ಮೀಟರನ್ನು ಎಸಿಗೆ ತಿರುಗಿಸಿ ರಿಪಲ್ ನೋಡಿ ಎಂಬ ಸಲಹೆಯೂ ಚಾಲ್ತಿಯಲ್ಲಿದೆ. ಅಗ್ಗದ ಮೀಟರನ್ನು ಎಸಿಯಲ್ಲಿಟ್ಟು ಶುದ್ಧ 12 ವೋಲ್ಟ್ ಬ್ಯಾಟರಿಗೆ ಹಿಡಿದು ನೋಡಿ, ಪ್ರೋಬಿನ ದಿಕ್ಕಿಗೆ ತಕ್ಕಂತೆ 20 ದಾಟಿದ ಸಂಖ್ಯೆಯನ್ನೋ ಸೊನ್ನೆಯನ್ನೋ ತೋರಿಸಬಹುದು. ಮೇಲಾಗಿ ಇಲ್ಲಿನ ಅಲೆ ಸೆಕೆಂಡಿಗೆ ಹತ್ತಾರು ಸಾವಿರ ಸಲ ಏರಿಳಿಯುವಂಥದ್ದು, ಅದಕ್ಕೆ ಆಸಿಲೋಸ್ಕೋಪೇ ಬೇಕು. ಸ್ಕೋಪ್ ಇಲ್ಲದವರಿಗೆ ಕಣ್ಣೇ ಸ್ಕೋಪ್: ಫ್ಯಾನ್ ಜಾಲರಿಯ ಸಂದಿಯಿಂದ ಟಾರ್ಚ್ ಬಿಟ್ಟು, ವೈರ್ ಹೊರಡುವ ಕಡೆಯ ಕೆಪಾಸಿಟರುಗಳ ತಲೆ ನೋಡಿ. ಚಪ್ಪಟೆ ಇರಬೇಕು. ಪೂರಿಯ ಹಾಗೆ ಉಬ್ಬಿದ್ದರೆ, ಕಂದು ಅಂಟು ಒಸರಿದ್ದರೆ, ಮೀಟರ್ ಏನೇ ಹೇಳಲಿ ಅದರ ಆಯಸ್ಸು ಮುಗಿದಿದೆ.

ಈಗ ನಮ್ಮ ಊರುಗಳದ್ದೇ ಆದ ಒಂದು ದೂರು. ಕ್ಯಾಬಿನೆಟ್ ಮುಟ್ಟಿದರೆ ಜುಂ ಎನ್ನುತ್ತದೆ, ಟೆಸ್ಟರ್ ಸ್ಕ್ರೂಡ್ರೈವರ್ ಇಟ್ಟರೆ ಉರಿಯುತ್ತದೆ, ಆದ್ದರಿಂದ ಎಸ್‌ಎಂಪಿಎಸ್ ಲೀಕ್ ಆಗಿದೆ, ಬದಲಿಸಿ. ಬದಲಿಸಿದರೂ ಜುಂ ಹೋಗುವುದಿಲ್ಲ. ಯಾಕೆಂದರೆ ಬಹುತೇಕ ಎಸ್‌ಎಂಪಿಎಸ್‌ಗಳ ಬಾಗಿಲಲ್ಲಿ, ಅಂದರೆ ಕರೆಂಟು ಒಳಬರುವ ಕಡೆ, ಫೇಸ್‌ನಿಂದ ಡಬ್ಬಿಗೆ ಒಂದು, ನ್ಯೂಟ್ರಲ್‌ನಿಂದ ಡಬ್ಬಿಗೆ ಒಂದು ಪುಟ್ಟ ಕೆಪಾಸಿಟರ್ ಇರುತ್ತದೆ, ಗದ್ದಲ ಸೋಸಲು. ಅರ್ತ್ ಇದ್ದರೆ ಅವು ಸೋರಿಸುವ ಅಲ್ಪ ಕರೆಂಟು ಸುಮ್ಮನೆ ಮಣ್ಣಿಗೆ ಹೋಗುತ್ತದೆ. ಸಾಕೆಟ್ಟಿನಲ್ಲಿ ಅರ್ತ್ ಇಲ್ಲದಿದ್ದರೆ, ಅಥವಾ ಎರಡು ಪಿನ್ನಿನ ಅಡಾಪ್ಟರ್ ಹಾಕಿದ್ದರೆ, ಎರಡು ಕೆಪಾಸಿಟರುಗಳ ನಡುವೆ ಸಿಕ್ಕ ಡಬ್ಬಿ 230ರ ಅರ್ಧಕ್ಕೆ, ಅಂದರೆ 115 ವೋಲ್ಟಿನ ಆಸುಪಾಸಿಗೆ ತೇಲುತ್ತದೆ. 4.7 ನ್ಯಾನೊಫ್ಯಾರಡ್ ಕೆಪಾಸಿಟರ್ ಇದ್ದರೆ ಮುಟ್ಟಿದವರ ಮೈಯಲ್ಲಿ ಹರಿಯುವುದು ಒಂದು ಮಿಲಿ ಆಂಪಿನ ಮೂರನೇ ಒಂದು ಪಾಲು. ಅದು ಕೊಲ್ಲುವುದಿಲ್ಲ. ಆದರೆ ನಾಳೆ ನಿಜವಾಗಿ ಫೇಸ್ ಡಬ್ಬಿಗೆ ತಾಗಿದರೆ, ಅರ್ತ್ ಇಲ್ಲದ ಕಾರಣ ಫ್ಯೂಸೂ ಹಾರದೆ ಪೂರಾ 230 ಅಲ್ಲೇ ಕಾದಿರುತ್ತದೆ. ಆ ತೇಲುವ ವೋಲ್ಟೇಜಿನಿಂದಲೇ ಪ್ರಿಂಟರ್, ಟಿವಿ ಕೇಬಲ್ ಸಿಕ್ಕಿಸುವಾಗ ಕಿಡಿ ಹಾರಿ ಪೋರ್ಟ್ ಸುಡುವುದೂ ಉಂಟು. ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್ ಅಳೆಸಿ: ಫೇಸ್–ಅರ್ತ್ 230ರ ಹತ್ತಿರ, ನ್ಯೂಟ್ರಲ್–ಅರ್ತ್ ಎರಡು ಮೂರು ವೋಲ್ಟಿನಷ್ಟೇ ಇರಬೇಕು. ಹಾಗೆ ಇದ್ದೂ ಡಬ್ಬಿ ಜುಂ ಎಂದರೆ ಆಗ ಮಾತ್ರ ಕಾರ್ಡಿನದೋ ಎಸ್‌ಎಂಪಿಎಸ್‌ನದೋ ದೋಷ.

ಹಿಂದೆ ಕೆಂಪು ಸ್ಲೈಡ್ ಸ್ವಿಚ್ ಇರುವ ಹಳೆಯ ಪೆಟ್ಟಿಗೆ ಕೈಗೆ ಬಂದರೆ ಮೊದಲು ಅದರ ಮೇಲೆ 230 ಕಾಣುತ್ತಿದೆಯೇ ನೋಡಿ. 115ಕ್ಕೆ ಸರಿದಿದ್ದು ನಮ್ಮ ಕರೆಂಟಿಗೆ ಹಾಕಿದರೆ ಒಳಗೆ 650 ವೋಲ್ಟ್ ಹುಟ್ಟಿ 200ರ ಎರಡು ಕೆಪಾಸಿಟರುಗಳು ಪಟಾಕಿಯಾಗುತ್ತವೆ. ಕಂಪನಿ ಬ್ರ್ಯಾಂಡಿನ ಕೆಲವು ಡೆಸ್ಕ್‌ಟಾಪುಗಳಲ್ಲಿ, ಇಂಟೆಲ್‌ನ 10 ಪಿನ್ನಿನ ಹೊಸ ಮಾದರಿಯಲ್ಲಿ ಇರುವುದು 12 ವೋಲ್ಟ್ ಮಾತ್ರ, ಮೇಲಿನ ಬಣ್ಣದ ಲೆಕ್ಕ ಅಲ್ಲಿ ನಡೆಯದು. ಬಿಡಿಸಿ ಹಾಕುವ ಕೇಬಲ್ ಇರುವ ಎಸ್‌ಎಂಪಿಎಸ್‌ಗಳಲ್ಲಿ ಒಂದರ ಕೇಬಲ್ ಇನ್ನೊಂದಕ್ಕೆ ಹಾಕಬೇಡಿ. ಮೂತಿ ಸರಿಯಾಗಿ ಕೂತರೂ ಒಳಗಿನ ವರಸೆ ಬೇರೆ, 5 ಬರಬೇಕಾದಲ್ಲಿ 12 ಬಂದು ಹಾರ್ಡ್ ಡಿಸ್ಕ್ ಹೋಗುತ್ತದೆ.

ಡಬ್ಬಿ ಬಿಚ್ಚುವುದೇ ಕಸುಬಾದವರಿಗೆ, ಐಟಿಐ ಮುಗಿಸಿ ಹೊಸದಾಗಿ ಬೆಂಚಿಗೆ ಕೂತ ಹುಡುಗರಿಗೆ ಎರಡೇ ಮಾತು. ಕೆಪಾಸಿಟರನ್ನು ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡಬೇಡಿ. ಕಿಡಿಯ ಜೊತೆ ಕರಗಿದ ತಾಮ್ರ ಕಣ್ಣಿಗೆ ಹಾರುತ್ತದೆ, ಬೋರ್ಡಿನ ಟ್ರ್ಯಾಕ್ ಎದ್ದು ಬರುತ್ತದೆ. 2.2 ಕಿಲೋ ಓಮ್, 10 ವ್ಯಾಟಿನ ರೆಸಿಸ್ಟರಿಗೆ ಇನ್ಸುಲೇಶನ್ ಇರುವ ಎರಡು ಪ್ರೋಬ್ ಬೆಸೆದಿಟ್ಟುಕೊಳ್ಳಿ. 330 ಮೈಕ್ರೊಫ್ಯಾರಡ್ ಕೆಪಾಸಿಟರ್ ನಾಲ್ಕೇ ಸೆಕೆಂಡಿನಲ್ಲಿ ಮೂರು ವೋಲ್ಟಿನೊಳಗೆ ಬರುತ್ತದೆ, ಹತ್ತು ಎಣಿಸುವ ತನಕ ಹಿಡಿಯಿರಿ, ಎರಡು ಇದ್ದರೆ ಎರಡನ್ನೂ ಬೇರೆ ಬೇರೆ. ಆಮೇಲೆ ಮೀಟರಿನಲ್ಲಿ ಖಾತ್ರಿ ಮಾಡಿಕೊಂಡೇ ಕೈ ಹಾಕಿ. ಎರಡನೆಯದು ಸೀರೀಸ್ ಬಲ್ಬ್. ಫೇಸ್ ವೈರಿನ ದಾರಿಯಲ್ಲಿ 60 ವ್ಯಾಟಿನ ತಂತಿ ಬಲ್ಬ್, ಎಲ್‌ಇಡಿ ಅಲ್ಲ. ಸ್ವಿಚ್ ಹಾಕಿದಾಗ ಪಕ್ಕನೆ ಮಿಂಚಿ ಮಂಕಾದರೆ ಮೇನ್ಸ್ ಕಡೆ ಶಾರ್ಟ್ ಇಲ್ಲ. ಪೂರ್ತಿ ಉರಿಯುತ್ತಲೇ ಇದ್ದರೆ ಬ್ರಿಜ್ ಅಥವಾ ಮಾಸ್‌ಫೆಟ್ ಹೋಗಿದೆ. ಆಕ್ಟಿವ್ ಪಿಎಫ್‌ಸಿ ಇರುವುದರಲ್ಲಿ ಲೋಡ್ ಕೊಟ್ಟರೆ ಬಲ್ಬ್ ಮಿಣುಕುತ್ತದೆ, ಅದನ್ನು ನೋಡಿ ತೀರ್ಮಾನಕ್ಕೆ ಬರಬೇಡಿ, ಬಲ್ಬಿನ ಸಾಕ್ಷ್ಯ ಸ್ಟ್ಯಾಂಡ್‌ಬೈ ತನಕ ಮಾತ್ರ. ಬಲ್ಬ್ ಕರೆಂಟಿಗೆ ಕಡಿವಾಣ ಹಾಕುತ್ತದೆಯೇ ಹೊರತು ಶಾಕ್ ತಪ್ಪಿಸುವುದಿಲ್ಲ. ಕಪ್ಪಗೆ ಸಿಡಿದ ಫ್ಯೂಸಿಗೆ ತಾಮ್ರದ ಎಳೆ ಸುತ್ತಿ ಕೊಡುವ ಅಭ್ಯಾಸ ಇನ್ನೂ ಹೋಗಿಲ್ಲ. ಅದು ರಿಪೇರಿಯಲ್ಲ, ಬೆಂಕಿಗೆ ಕೊಟ್ಟ ಆಮಂತ್ರಣ. ಮಳೆಗಾಲದಲ್ಲಿ ಮಲೆನಾಡು, ಕರಾವಳಿಯಿಂದ ಬರುವ ಪೆಟ್ಟಿಗೆಗಳಲ್ಲಿ ತೇವ ಕುಡಿದ ಧೂಳು, ಇರುವೆ, ಸುಟ್ಟ ಹಲ್ಲಿ ಇವುಗಳನ್ನೂ ಹುಡುಕಬೇಕು.

ಹೊಸದು ಕೊಳ್ಳುವವರು ಡಬ್ಬಿಯ ಮೇಲಿನ ದಪ್ಪಕ್ಷರದ 450 ನೋಡಬೇಡಿ, ಲೇಬಲ್ಲಿನಲ್ಲಿ 12 ವೋಲ್ಟಿನ ಕೆಳಗೆ ಬರೆದ ಆಂಪ್ ನೋಡಿ. ಅಲ್ಲಿ 14 ಎಂದಿದ್ದರೆ ಆ ಲೈನಿಗೆ ಸಿಗುವುದು 168 ವ್ಯಾಟ್ ಮಾತ್ರ. ಈಗಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು ಆ ಲೈನಿನಿಂದಲೇ.

ತಮ್ಮ ಪತ್ರಿಕೆಯ ಮೂಲಕ ರಿಪೇರಿ ಅಂಗಡಿಯವರಲ್ಲಿ ಒಂದು ವಿನಂತಿ. ಎಸ್‌ಎಂಪಿಎಸ್ ಹೋಗಿದೆ ಎಂದು ಬಾಯಲ್ಲಿ ಹೇಳುವ ಬದಲು ರಸೀದಿಯ ಮೇಲೆ ಮೂರು ಸಂಖ್ಯೆ ಬರೆದು ಕೊಡಿ: ಲೋಡ್ ಹಾಕಿದಾಗಿನ ಸ್ಟ್ಯಾಂಡ್‌ಬೈ ವೋಲ್ಟೇಜ್, ಲೋಡ್ ಹಾಕಿ ಹದಿನೈದು ನಿಮಿಷದ ನಂತರದ 12ರ ವೋಲ್ಟೇಜ್, ಪಿಜಿ ಎಷ್ಟು ಮಿಲಿಸೆಕೆಂಡ್. ಬರೆಯಲು ಅರ್ಧ ನಿಮಿಷ ಸಾಕು. ಗಿರಾಕಿಗಳೂ ಕೇಳಿ ಬರೆಸಿಕೊಳ್ಳಲಿ.

— ಹಾರ್ಡ್‌ವೇರ್ ರಿಪೇರಿ ಬಲ್ಲ ಓದುಗ, ಶಿವಮೊಗ್ಗ